ವಿಜ್ಞಾನಿಗಳ ಮಾತು ಸಂಸತ್ತಿಗೆ ಮುಟ್ಟಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು:
ನಮ್ಮದೊಂದು ಸಣ್ಣ ಸಂಶೋಧನಾ ತಂಡ. ಕುಡಿಯುವ ನೀರಿಗೆ ಸೇರುವ ಕೈಗಾರಿಕಾ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತೇವೆ. ಈ ಬಗ್ಗೆ ಹೊಸ ಕಾನೂನು ಬರುತ್ತಿದೆ ಎಂದು ಗೊತ್ತಾಗಿ ದಪ್ಪನೆಯ ವರದಿಯೊಂದನ್ನು ತಯಾರಿಸಿ ಎಲ್ಲ ಸಂಸತ್ ಸದಸ್ಯರಿಗೂ ಕಳಿಸಿದೆವು. ‘ತಲುಪಿದೆ, ಧನ್ಯವಾದ’ ಅಂತ ಕೆಲವರಿಂದ ಉತ್ತರ ಬಂತು, ಅಷ್ಟೇ. ಓದಿದರೋ ಇಲ್ಲವೋ ದೇವರಿಗೇ ಗೊತ್ತು. ಏನು ಮಾಡಿದರೆ ಉಪಯೋಗ ಆಗುತ್ತದೆ, ಯಾವುದು ಸುಮ್ನೆ ಕಾಲಹರಣ, ಈ ದಾರಿಯಲ್ಲಿ ಓಡಾಡಿದವರು ಹೇಳ್ತೀರಾ?

ಸಮಿತಿ ಕಚೇರಿಯಲ್ಲಿದ್ದವನು:
ಸಂಸದೀಯ ಸಮಿತಿಯೊಂದರ ಕಚೇರಿಯಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಎಲ್ಲರಿಗೂ ಕಳಿಸಿದ್ದನ್ನು ಓದುವ ಹೊಣೆ ಯಾರ ಮೇಲೂ ಇರುವುದಿಲ್ಲ, ಮೊದಲು ಅದನ್ನು ಬಿಡಿ. ಸದಸ್ಯರ ಮುಂದೆ ಒಂದೇ ದಿನ ತೆರಿಗೆ, ಬಂದರು, ಪಿಂಚಣಿ, ಶಾಲೆ ಎಲ್ಲವೂ ಬಂದು ಬೀಳುತ್ತವೆ. ನಿಮ್ಮ ವರದಿಯನ್ನು ನಿಜವಾಗಿ ಬಿಚ್ಚಿ ನೋಡುವವರು ಅವರ ಸಹಾಯಕರು, ಇಲ್ಲವೇ ನಮ್ಮಂಥ ಸಮಿತಿ ಸಿಬ್ಬಂದಿ. ನಮಗೂ ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ನಾಳಿನ ವಿಚಾರಣೆಯಲ್ಲಿ ಅಧಿಕಾರಿಗಳಿಗೆ ಏನು ಕೇಳಬೇಕು ಎಂದು ಸದಸ್ಯರಿಗೆ ಬರೆದುಕೊಡಬೇಕು.

ನಮ್ಮಲ್ಲೊಬ್ಬರು ಹಿರಿಯ ಮೇಡಂ ಇದ್ದರು. ಯಾವ ವರದಿ ಬಂದರೂ ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಮೂರು ಸಾಲು ಬರೆದುಕೊಳ್ಳುತ್ತಿದ್ದರು: ಖರ್ಚು ಯಾರ ತಲೆ ಮೇಲೆ? ಮಿತಿ ಎಷ್ಟಿರಬೇಕು, ಅಳೆಯುವವರು ಯಾರು? ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ? ಉತ್ತರ ಸಿಕ್ಕಿದಾಗ ಪಕ್ಕದಲ್ಲಿ ಪುಟಸಂಖ್ಯೆ ಹಾಕುತ್ತಿದ್ದರು. ಒಳ್ಳೊಳ್ಳೆಯ ವರದಿಗಳಲ್ಲೂ ಆ ಜಾಗ ಖಾಲಿಯೇ ಉಳಿಯುತ್ತಿತ್ತು, ಯಾಕಂದರೆ ಮಾದರಿ ಎಲ್ಲಿಂದ ತೆಗೆದರು, ಯಾವ ಯಂತ್ರದಲ್ಲಿ ಪರೀಕ್ಷೆ ಮಾಡಿದರು ಎಂಬುದರಲ್ಲೇ ಅರ್ಧ ವರದಿ ಮುಗಿದಿರುತ್ತಿತ್ತು. ಅದು ಬೇಡ ಅನ್ನುತ್ತಿಲ್ಲ, ಹಿಂದಕ್ಕೆ ಹಾಕಿ.

ಇನ್ನೊಂದು, ಸಮಯ. ಮಸೂದೆ ಸಮಿತಿಯ ಮುಂದೆ ಇರುವಾಗ ಒಂದು ಕಲಮಿಗೆ ತಿದ್ದುಪಡಿ ತರುವುದು ಅಷ್ಟು ಕಷ್ಟವಲ್ಲ. ಸದನದಲ್ಲಿ ಮತಕ್ಕೆ ಹಾಕುವ ಹೊತ್ತಿಗೆ ಪಕ್ಷಗಳು ನಿಲುವು ತೆಗೆದುಕೊಂಡು ವಿಪ್ ಕೊಟ್ಟಾಗಿರುತ್ತದೆ, ಆಮೇಲೆ ಎಂಥ ಪುರಾವೆ ತಂದರೂ ಸದಸ್ಯರು ‘ನೀವು ಹೇಳುವುದು ಸರಿ, ಆದರೆ ಈಗ ಬಂದಿರಲ್ಲ’ ಅನ್ನುತ್ತಾರೆ. ಸಮಿತಿ ಲಿಖಿತ ಅಭಿಪ್ರಾಯ ಕೇಳಿ ಪ್ರಕಟಣೆ ಹೊರಡಿಸುತ್ತದಲ್ಲ, ಅದನ್ನು ಹಿಡಿದುಕೊಳ್ಳಿ. ಅದರಲ್ಲಿರುವ ಪ್ರಶ್ನೆಗಳಿಗೇ ನಂಬರ್ ಹಾಕಿ ಉತ್ತರಿಸಿ. ಕಡತಕ್ಕೆ ಸೇರುವುದು ಅದೇ.

ಸಂಶೋಧನಾ ವಿಭಾಗದವಳು:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸದಸ್ಯರಿಗೆ ನೇರ ಬರೆಯುವ ಮೊದಲು ಸಂಸತ್ತಿಗೇ ಸ್ವಂತ ವಿಜ್ಞಾನ ಘಟಕ ಇದೆಯಾ ನೋಡಿ. ಸರ್ಕಾರದ ವಿಜ್ಞಾನ ಸಲಹೆಗಾರರು ಬೇರೆ. ಅವರು ಮಂತ್ರಿಗಳಿಗೆ ಹೇಳುತ್ತಾರೆ, ಮಂತ್ರಿಗಳನ್ನು ಪ್ರಶ್ನಿಸಬೇಕಾದ ಸದಸ್ಯರಿಗಲ್ಲ. ಬ್ರಿಟನ್ನಿನಲ್ಲಿ 1989ರಿಂದ ‘ಪೋಸ್ಟ್’ ಎಂಬ ಕಚೇರಿ ಇದೆ. ಅದರ ಹೆಸರಾಂತ ಟಿಪ್ಪಣಿಗಳು ನಾಲ್ಕೇ ಪುಟ. ಹೊರಗಿನ ತಜ್ಞರು ಓದಿ ಪರಿಶೀಲಿಸುತ್ತಾರೆ, ಆದರೆ ಹೀಗೇ ಮಾಡಿ ಅಂತ ಶಿಫಾರಸು ಇರುವುದಿಲ್ಲ. ಹಾಗಾಗಿಯೇ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಒಂದೇ ಹಾಳೆ ಹಿಡಿದುಕೊಂಡು ಜಗಳ ಆಡಬಹುದು. ನನಗಂತೂ ಇದು ದೊಡ್ಡ ವಿಷಯ ಅನ್ನಿಸುತ್ತದೆ.

ಫ್ರಾನ್ಸಿನವರದು ಇನ್ನೊಂದು ರೀತಿ. 1983ರಲ್ಲಿ ಶುರುವಾದ ಅವರ ಕಚೇರಿಯಲ್ಲಿ 18 ಮಂದಿ ಕೆಳಮನೆಯವರು, 18 ಮಂದಿ ಸೆನೆಟಿನವರು. ತಜ್ಞರನ್ನು ಕರೆಸಿ ಕೇಳಿ ವರದಿಗೆ ಹೆಸರು ಹಾಕುವವರು ಸದಸ್ಯರೇ. ಸ್ವತಃ ಕೂತು ಕೇಳಿದ ಮೇಲೆ ಅದನ್ನು ಸದನದಲ್ಲಿ ಸಮರ್ಥಿಸಿಕೊಳ್ಳಲೂ ಒಬ್ಬರು ಸಿಕ್ಕ ಹಾಗಾಯಿತು. ಜರ್ಮನಿಯಲ್ಲಿ 1990ರಿಂದ ಈ ಕೆಲಸವನ್ನು ಸಂಸತ್ತು ಹೊರಗಿನ ಸಂಶೋಧನಾ ಸಂಸ್ಥೆಗೆ ವಹಿಸಿದೆ.

ಅಮೆರಿಕದ ಕಥೆಯನ್ನೂ ತಿಳಿದುಕೊಳ್ಳಿ. ಅಲ್ಲಿ 1972ರ ಕಾನೂನಿನ ಪ್ರಕಾರ ‘ಒಟಿಎ’ ಹುಟ್ಟಿತು, ಕಾಂಗ್ರೆಸ್‌ಗೆ ಅಂದರೆ ಅಲ್ಲಿನ ಸಂಸತ್ತಿಗೆ ತಂತ್ರಜ್ಞಾನದ ವಿಷಯ ತಿಳಿಸಿಕೊಡುವ ಕಚೇರಿ. ಅದರ ಮಂಡಳಿಯಲ್ಲಿ ಎರಡೂ ಪಕ್ಷಗಳ ಆರಾರು ಮಂದಿ. ಸುಮಾರು 750 ವರದಿ ಬರೆದಿತ್ತು, ಇವತ್ತಿಗೂ ಜನ ಅದನ್ನು ಹೊಗಳುತ್ತಾರೆ. 1995ರಲ್ಲಿ ಕಾಂಗ್ರೆಸ್ ದುಡ್ಡು ನಿಲ್ಲಿಸಿತು, ಬಾಗಿಲು ಮುಚ್ಚಿತು. ವರದಿ ಕೈಗೆ ಬರುವುದರೊಳಗೆ ಚರ್ಚೆ ಮುಂದೆ ಹೋಗಿರುತ್ತದೆ, ಒಂದು ಪಕ್ಷದ ಕಡೆ ವಾಲಿದೆ ಎಂಬ ದೂರುಗಳಿದ್ದವು. ಖರ್ಚು ಕಡಿಮೆ ಮಾಡಿ ತೋರಿಸುವ ಹುಮ್ಮಸ್ಸೂ ಸೇರಿಕೊಂಡಿತು. ಕೆಲಸ ಚೆನ್ನಾಗಿತ್ತು ಎಂಬ ಕಾರಣಕ್ಕೆ ಯಾರೂ ಉಳಿಸಲಿಲ್ಲ. 2019ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯೊಳಗೆ ಅಂಥದ್ದೇ ಕೆಲಸಕ್ಕೆ ಮತ್ತೆ ತಂಡ ಕಟ್ಟಬೇಕಾಯಿತು.

ತಕರಾರು ಇರುವವನು:
ಎಲ್ಲರೂ ಕಾಗದದ ಬಗ್ಗೆಯೇ ಮಾತಾಡುತ್ತಿದ್ದೀರಿ. ಚೆನ್ನಾಗಿ ಬರೆದರೆ ಮತ ಬದಲಾಗುತ್ತದೆ ಅಂತ ನಂಬಬೇಡಿ. ಸದಸ್ಯರು ತಮ್ಮ ಮತದಾರರನ್ನೂ ಎದುರಿಸಬೇಕು. ಮೈಟೋಕಾಂಡ್ರಿಯಾ ದಾನದ ವಿಷಯ ನೋಡಿ, ಅಂದರೆ ತಾಯಿಯ ಜೀವಕೋಶದಲ್ಲಿರುವ ದೋಷ ಮಗುವಿಗೆ ದಾಟದ ಹಾಗೆ ಇನ್ನೊಬ್ಬ ಹೆಂಗಸಿನ ಅಂಡಾಣುವಿನ ಭಾಗ ಬಳಸುವ ಚಿಕಿತ್ಸೆ. ಬ್ರಿಟನ್ನಿನ ಕೆಳಮನೆ 2015ರ ಫೆಬ್ರವರಿಯಲ್ಲಿ ಅದಕ್ಕೆ 382–128ರಿಂದ ಒಪ್ಪಿಗೆ ಕೊಟ್ಟಿತು. ಅದೂ ವಿಪ್ ಇಲ್ಲದೆ, ಆತ್ಮಸಾಕ್ಷಿಯ ಮತ. ಆ ಒಂದು ದಿನದ ಹಿಂದೆ ವರ್ಷಗಟ್ಟಲೆ ತಯಾರಿ ಇತ್ತು. ಸುರಕ್ಷತೆಯ ಬಗ್ಗೆ ತಜ್ಞರ ಸಮಿತಿ ಒಂದಕ್ಕಿಂತ ಜಾಸ್ತಿ ಸಲ ಕೂತು ನೋಡಿತ್ತು, ನೈತಿಕ ಪ್ರಶ್ನೆಗಳ ಮೇಲೆ ಬೇರೆಯೇ ವರದಿ ಬಂದಿತ್ತು, 2012ರಲ್ಲಿ ಜನರ ಅಭಿಪ್ರಾಯವನ್ನೂ ಕೇಳಿದ್ದರು. ಬರೀ ಪ್ರಯೋಗಾಲಯದ ಫಲಿತಾಂಶ ಹಿಡಿದು ಹೋಗಿದ್ದರೆ ಅರ್ಧ ಸದಸ್ಯರು ಹೆದರಿ ಹಿಂದೆ ಸರಿಯುತ್ತಿದ್ದರು ಅನ್ನೋದು ನನ್ನ ಅಂದಾಜು.

ಕೇಳಿದವರು:
ತುಂಬಾ ಉಪಕಾರ ಆಯಿತು. ಒಂದು ಅನುಮಾನ. ನಮ್ಮ ಅಂಕಿಗಳಲ್ಲಿ ಇನ್ನೂ ಖಚಿತವಾಗದ್ದು ಸಾಕಷ್ಟಿದೆ. ಅದನ್ನು ಬರೆದರೆ ‘ಇವರಿಗೇ ಗೊತ್ತಿಲ್ಲ’ ಅಂತ ಪಕ್ಕಕ್ಕಿಡುತ್ತಾರಾ?

ಸಮಿತಿ ಕಚೇರಿಯಲ್ಲಿದ್ದವನು:
ಮುಚ್ಚಿಟ್ಟರೆ ಇನ್ನೂ ಕಷ್ಟ. ಕಾರ್ಖಾನೆಯವರ ಕಡೆಯಿಂದ ಬರುವ ತಜ್ಞರು ವಿಚಾರಣೆಯಲ್ಲಿ ಅದನ್ನೇ ಎತ್ತಿ ತೋರಿಸುತ್ತಾರೆ, ಆಗ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ನೀವೇ ಮೊದಲು ಹೇಳಿ. ಏನು ಗಟ್ಟಿ, ಏನು ಗಟ್ಟಿಯಲ್ಲ, ಎರಡು ವರ್ಷ ಕಾದರೆ ಅದು ತಿಳಿಯುತ್ತದಾ, ಕಾಯುವುದರಿಂದ ಯಾರಿಗೆ ನಷ್ಟ. ಸದಸ್ಯರಿಗೆ ಈ ಕೊನೆಯದು ಬೇಗ ಅರ್ಥವಾಗುತ್ತದೆ, ಪೂರ್ತಿ ಮಾಹಿತಿ ಇಲ್ಲದೆ ತೀರ್ಮಾನ ಮಾಡುವುದು ಅವರ ದಿನನಿತ್ಯದ ಕೆಲಸ ಅಲ್ವಾ. ಆದಷ್ಟು ಅಂಕಿಯಲ್ಲೇ ಹೇಳಿ. ಹವಾಮಾನ ಬದಲಾವಣೆಯ ಐಪಿಸಿಸಿ ವರದಿಗಳಲ್ಲಿ ‘ಬಹಳ ಸಂಭವನೀಯ’ ಅಂದರೆ ಶೇ. 90ರಿಂದ 100 ಅಂತ ನಿಗದಿ ಮಾಡಿಟ್ಟಿದ್ದಾರೆ, ಅದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು.

ಸಂಶೋಧನಾ ವಿಭಾಗದವಳು:
ನಿಮ್ಮ ತಂಡದಲ್ಲಿ ಪಿಎಚ್‌ಡಿ ಮಾಡುತ್ತಿರುವವರು ಇದ್ದರೆ ಒಬ್ಬರನ್ನು ಒಳಗೆ ಕಳಿಸಿ. ಪೋಸ್ಟ್‌ನಲ್ಲಿ ಅವರಿಗೆಂದೇ ಮೂರು ತಿಂಗಳ ಫೆಲೋಶಿಪ್ ಇದೆ. ಅಮೆರಿಕದಲ್ಲಿ 1973ರಿಂದಲೇ ವಿಜ್ಞಾನಿಗಳು ಒಂದು ವರ್ಷ ಕಾಂಗ್ರೆಸ್ ಸದಸ್ಯರ ಕಚೇರಿಯಲ್ಲಿ ಕೂತು ಕೆಲಸ ಮಾಡುವ ಏರ್ಪಾಡಿದೆ. ಹಾಗೆ ಹೋಗಿ ಬಂದವರು ಬರೆಯುವ ಟಿಪ್ಪಣಿಯನ್ನು ದೂರದಿಂದಲೇ ಗುರುತು ಹಿಡಿಯಬಹುದು. ಯಾವ ಸಮಿತಿಯೂ ಅಭಿಪ್ರಾಯ ಕೇಳಿ ಪ್ರಕಟಣೆ ಹೊರಡಿಸಿಲ್ಲದಿದ್ದರೆ ಸಮಿತಿ ಕಚೇರಿಗೆ ಫೋನ್ ಮಾಡಿ, ಮುಂದೆ ಯಾವ ವಿಷಯ ತೆಗೆದುಕೊಳ್ಳುತ್ತೀರಿ ಅಂತ ಕೇಳಿ. ಜನ ಅಂದುಕೊಂಡದ್ದಕ್ಕಿಂತ ಸಲೀಸಾಗಿ ಹೇಳುತ್ತಾರೆ.

ಸಮಿತಿ ಕಚೇರಿಯಲ್ಲಿದ್ದವನು:
ಹೌದು, ಹೇಳುತ್ತಾರೆ. ಫೋನ್ ಮಾಡಿದ ಮೇಲೆ ಸಮಿತಿಯ ಪ್ರಶ್ನೆಗಳು ಸಿಕ್ಕರೆ ಇಲ್ಲಿ ಹಾಕಿ. ಎರಡು ಪುಟದ ಕರಡು ಬರೆಯಿರಿ, ಆ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಓದಿ ಹೇಳುತ್ತೇನೆ.