ಸಹಾಯ ಬೇಕು: ಗ್ಯಾನ್ ಫೆಲೋಶಿಪ್ ವರದಿಗೆ 9 ತಿಂಗಳ ಲೆಕ್ಕವೋ, 12 ತಿಂಗಳದೋ?

ನಮಸ್ಕಾರ. ಅಮೆರಿಕದ ಯೂನಿವರ್ಸಿಟಿಗಳಲ್ಲಿ ಫೈನಾನ್ಷಿಯಲ್ ಏಡ್ ಕೆಲಸ ನೋಡಿಕೊಳ್ಳುವವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಅಲ್ಲಿನ ಶಿಕ್ಷಣ ಇಲಾಖೆ ದುಡ್ಡು ಕೊಡುವ ಗ್ಯಾನ್ (GAANN, ದೇಶಕ್ಕೆ ಅಗತ್ಯವಾದ ವಿಷಯಗಳಲ್ಲಿ ಓದುವವರಿಗೆ) ಫೆಲೋಶಿಪ್‌ನ ವಾರ್ಷಿಕ ವರದಿಗೆ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯ ಹಣಕಾಸಿನ ಅಗತ್ಯ ಎಷ್ಟೆಂದು ತುಂಬಬೇಕು.

ಫಾಫ್ಸಾ (ಸರ್ಕಾರದ ಆರ್ಥಿಕ ನೆರವಿನ ಅರ್ಜಿ) ಹಾಕಿಸಿದ್ದಾಯಿತು. 2025–26ರ ಫಾರಂ 2023ರ ತೆರಿಗೆ ವಿವರ ಎಳೆದುಕೊಳ್ಳುತ್ತದೆ. ಆ ವರ್ಷ ಅವಳು ಪೂರ್ತಿ ಸಂಬಳದ ಕೆಲಸದಲ್ಲಿದ್ದಳು, ಹಾಗಾಗಿ ಎಸ್‌ಎಐ (ಅವಳ ಆರ್ಥಿಕ ಶಕ್ತಿ ಅಳೆಯುವ ಅಂಕಿ; ಖರ್ಚಿನಿಂದ ಇದನ್ನು ಕಳೆದರೆ ಅಗತ್ಯ) 21,500ಕ್ಕೆ ಬಂದು ನಿಂತಿದೆ. 9 ತಿಂಗಳ ಓದಿನ ಖರ್ಚು 48,000 ಡಾಲರ್; ಕಳೆದರೆ ಅಗತ್ಯ 26,500. ಸ್ಟೈಪೆಂಡ್ ಎನ್‌ಎಸ್‌ಎಫ್ (ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ) ಮಟ್ಟದ 37,000 ಇದ್ದರೂ ಅಗತ್ಯಕ್ಕಿಂತ ಒಂದು ಡಾಲರ್ ಹೆಚ್ಚು ಕೊಡುವಂತಿಲ್ಲ. ಅಂದರೆ 10,500 ಖೋತಾ. ಸಂಬಳ ಬಿಟ್ಟು ಓದಲು ಬಂದವಳಿಗೆ ಇದು ಸಣ್ಣ ಮೊತ್ತವಲ್ಲ.

ಕೆಲಸ ಬಿಟ್ಟ ಪತ್ರ, ಈಗಿನ ಆದಾಯದ ದಾಖಲೆ ಇಟ್ಟು ಪ್ರೊಫೆಷನಲ್ ಜಡ್ಜ್‌ಮೆಂಟ್ (ವಿಶೇಷ ಪರಿಸ್ಥಿತಿ ನೋಡಿ ಏಡ್ ಆಫೀಸ್ ಎಸ್‌ಎಐ ಲೆಕ್ಕ ತಿದ್ದುವ ಅವಕಾಶ) ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಬೇಸಿಗೆಗೂ ಅವಳ ನೋಂದಣಿ ಇದೆ, ಲ್ಯಾಬ್ ಕೆಲಸ ನಿಲ್ಲುವುದಿಲ್ಲ. 12 ತಿಂಗಳ ಬಜೆಟ್ ಹಿಡಿದರೆ ಖರ್ಚು 60,000, ಅಗತ್ಯ 38,500. ಪೂರ್ತಿ ಸ್ಟೈಪೆಂಡ್ ಕೊಡಬಹುದು.

ಗೊಂದಲ ಇಲ್ಲೇ: ಬೇಸಿಗೆ ನೋಂದಣಿ ಇರುವವರಿಗೆ ನೀವು ಅಗತ್ಯದ ಕಾಲಂನಲ್ಲಿ 12 ತಿಂಗಳ ಮೊತ್ತ ತುಂಬುತ್ತೀರಾ? ವರದಿ ಕಳಿಸಿದ ಮೇಲೆ ಎಸ್‌ಎಐ ಇಳಿದರೆ ಹಳೆಯ ಅಂಕಿಯನ್ನು ತಿದ್ದುತ್ತೀರಾ?