6ನೇ ಶತಮಾನದ ಚರ್ಮದ ಕೈಗವಸು: ಹೊಲಿದವರ ಅನುಭವ ಬೇಕಿತ್ತು

ಕೋರಿಕೆ: ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಹಿಂದೆ ಬಾಳಿದ ಅಲಮಾನಿ ಎಂಬ ಜರ್ಮನಿಕ್ ಬುಡಕಟ್ಟು ಜನರ ಉಡುಗೆಯನ್ನು ಹೊಲಿದು ತೊಡುವ ಬಳಗ ಸೇರಿದ್ದೇನೆ. ಟ್ರೊಸಿಂಗನ್ ಊರಿನಲ್ಲಿ ಅಗೆದಾಗ ಸಿಕ್ಕ 58ನೇ ಸಮಾಧಿಯ ಯೋಧನದ್ದರಂಥ ಚರ್ಮದ ಕೈಗವಸು ಮಾಡಬೇಕೆಂದಿದ್ದೇನೆ. ಯಾವ ಚರ್ಮ ಕೊಳ್ಳಲಿ? ಹೊಲಿಗೆ ಹೇಗೆ? ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಒಳ್ಳೆಯ ಸಮಾಧಿಯನ್ನೇ ಹಿಡಿದಿದ್ದೀರಿ. ಅದರಲ್ಲಿ ಸಿಕ್ಕ ಮರದ ಬೆಳವಣಿಗೆಯ ಉಂಗುರ ಎಣಿಸಿ ಕ್ರಿ.ಶ. 580 ಎಂದು ಕಾಲ ಗೊತ್ತುಮಾಡಿದ್ದಾರೆ, ಹಾಗಾಗಿ ಕಾಲದ ಬಗ್ಗೆ ತಕರಾರಿಲ್ಲ. ಅಲ್ಲಿ ಸಿಕ್ಕ ಲೈರ್ ಎಂಬ ತಂತಿವಾದ್ಯ ಕಾನ್‌ಸ್ಟನ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ, ತಪ್ಪದೆ ನೋಡಿ ಬನ್ನಿ.

ಚರ್ಮದ ವಿಷಯದಲ್ಲಿ ಒಂದು ಮಾತು ನೆನಪಿರಲಿ. ಮಣ್ಣಲ್ಲಿ ಉಳಿದದ್ದೇ ಆ ಕಾಲದವರು ತೊಟ್ಟ ಎಲ್ಲವೂ ಅಲ್ಲ. ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಹಸಿ ಮಣ್ಣಿನಲ್ಲಿ ಶತಮಾನಗಟ್ಟಲೆ ತಾಳುತ್ತದೆ. ಪಟಿಕ ಹಾಕಿ ಹದ ಮಾಡಿದ ಬಿಳಿ, ಮೆತ್ತನೆ ಚರ್ಮವಾದರೆ ನೀರಿಗೆ ಪಟಿಕ ತೊಳೆದುಹೋಗಿ, ಹಸಿ ತೊಗಲಿನಂತೆ ಕೊಳೆತುಬಿಡುತ್ತದೆ. ಕೈಗವಸಿಗೆ ಒಗ್ಗುವುದು ಅಂಥ ಮೆತ್ತನೆಯದೇ! ಆದ್ದರಿಂದ ಅಗೆತದಲ್ಲಿ ಸಿಗಲಿಲ್ಲವೆಂದು ಅದನ್ನು ಕೈಬಿಡಬೇಡಿ. ಕ್ರೋಮಿಯಂ ಲವಣದಿಂದ ಹದ ಮಾಡಿದ ಕ್ರೋಮ್ ಚರ್ಮ ಮಾತ್ರ ಬೇಡವೇ ಬೇಡ, ಅದು 19ನೇ ಶತಮಾನದಲ್ಲಿ ಬಂದದ್ದು. ಅಂಚು ಕತ್ತರಿಸಿ ನೋಡಿ, ಒಳಗೆ ನೀಲಿ ಬೂದು ಛಾಯೆ ಕಂಡರೆ ವಾಪಸ್ ಕೊಡಿ.

ಎರಡನೇ ಉತ್ತರ: ಹೊಲಿಗೆ ಬಗ್ಗೆ ನಾನು ಹೇಳುತ್ತೇನೆ. ಹಳೆಯ ಚರ್ಮದ ತುಣುಕುಗಳಲ್ಲಿ ಲಿನನ್ ನೂಲು ಎಷ್ಟೋ ಸಲ ಕೊಳೆತುಹೋಗಿ ತೂತುಗಳಷ್ಟೇ ಉಳಿದಿರುತ್ತವೆ. ತೂತಿನಿಂದ ತೂತಿಗೆ ಎಷ್ಟು ದೂರ, ಅಂಚಿನಿಂದ ಎಷ್ಟು, ಎಳೆತಕ್ಕೆ ಯಾವ ಕಡೆ ಜಗ್ಗಿದೆ, ಇವನ್ನು ಉತ್ಖನನ ವರದಿಯ ಚಿತ್ರಗಳಲ್ಲಿ ಹುಡುಕಿ. ಫೋಟೋ ನೋಡಿ ಅಂದಾಜಿಗೆ ಹೊಲಿಯಬೇಡಿ. ನೂಲಿಗೆ ಜೇನುಮೇಣ ಉಜ್ಜಿಕೊಳ್ಳಿ, ಸಣ್ಣ ಆರಿಯಿಂದ ಮೊದಲೇ ತೂತು ಮಾಡಿಕೊಳ್ಳಿ.

ಕತ್ತರಿಸುವ ಮುಂಚೆ ಚರ್ಮವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೆರಳಿನ ಉದ್ದಕ್ಕೆ ಚೆನ್ನಾಗಿ ಎಳೆಯಿರಿ. ಕೈಗವಸು ಕಸುಬಿನವರ ಹಳೇ ಕ್ರಮ ಇದು. ಉದ್ದದ ಹಿಗ್ಗು ಆಗಲೇ ಮುಗಿದಿದ್ದರೆ, ತೊಟ್ಟಾಗ ಅಡ್ಡಕ್ಕಷ್ಟೇ ಹಿಗ್ಗಿ ಕೈಗೆ ಅಂಟಿ ಕೂರುತ್ತದೆ. ಇಲ್ಲದಿದ್ದರೆ ಕೆಲವೇ ದಿನಕ್ಕೆ ಬೆರಳ ತುದಿಗಳು ಜೋತುಬೀಳುತ್ತವೆ.

ಮೂರನೇ ಉತ್ತರ: ಊರಿಗೆ ಬಂದಾಗ ಚರ್ಮ ಒಯ್ಯುವುದಾದರೆ ತಮಿಳುನಾಡಿನ ದಿಂಡಿಗಲ್, ತಿರುಚಿರಾಪಳ್ಳಿ ಕಡೆಯ ಮೇಕೆ ಚರ್ಮ ನೋಡಿ. ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುವುದು ಅಲ್ಲಿಯ ಹಳೇ ಪದ್ಧತಿ. ಯುರೋಪಿನಲ್ಲಿ ಓಕ್ ತೊಗಟೆ ಬಳಸುತ್ತಿದ್ದರು, ಬಣ್ಣ ಸ್ವಲ್ಪ ಬೇರೆ ಬರುತ್ತದೆ, ಅದನ್ನು ಬಳಗದವರಿಗೆ ಮೊದಲೇ ತಿಳಿಸಿಬಿಡಿ. ದಪ್ಪ ಒಂದು ಮಿಲಿಮೀಟರ್‌ಗಿಂತ ಕಡಿಮೆ ಇರಲಿ. ಹಳೆಯ ಹತ್ತಿ ಬಟ್ಟೆಯಲ್ಲಿ ಒಂದು ಜೊತೆ ಹೊಲಿದು, ಮುಷ್ಟಿ ಕಟ್ಟಿ, ಹೆಬ್ಬೆರಳ ಬುಡ ಎಲ್ಲಿ ಬಿಗಿಯುತ್ತದೆಂದು ನೋಡಿಕೊಂಡ ಮೇಲೆ ಚರ್ಮಕ್ಕೆ ಕತ್ತರಿ ಹಾಕಿ.