18 ತುಂಬೋಕೆ ಮುಂಚೆ ಏನೇನು ಮಾಡಿಸಿದ್ರಿ? ಫಾಸ್ಟರ್ ಕೇರ್ (ದತ್ತು ಅಲ್ಲದೆ ಬೇರೆ ಕುಟುಂಬದಲ್ಲಿ ಬೆಳೆಯೋ) ಮಕ್ಕಳ ಬಗ್ಗೆ ಅನುಭವ ಹೇಳಿ

ಕೇಳಿದವರು, ಹಾಸನ: ನಮ್ಮನೇಲಿ ಫಾಸ್ಟರ್ ಕೇರ್‌ನಲ್ಲಿರೋ ಹುಡುಗಿಗೆ 16 ವರ್ಷ 8 ತಿಂಗಳು. ಪಿಯುಸಿ ಆದ್ಮೇಲೆ ಬೆಂಗಳೂರಲ್ಲಿ ಒಬ್ಬಳೇ ಇರ್ತಾಳೆ. ಈಗಿಂದ ಏನು ತಯಾರಿ ಮಾಡಿಸ್ಬೇಕು?

ಪೋಷಕ ತಂದೆ, ಶಿವಮೊಗ್ಗ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ನೋಡಿ. ನಮ್ಮ ಹುಡುಗನಿಗೆ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಹುಟ್ಟಿದ ದಿನ ಆಧಾರ್‌ನಲ್ಲಿ ಜನವರಿ 1, ಶಾಲೇಲಿ ಜೂನ್. ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದೋಕೆ ಒಂದೇ ಅವಕಾಶ, ಹೆಸರಿಗೆ ಎರಡು. ದುಡುಕಿ ಕಳ್ಕೊಂಡ್ರೆ ಮುಂದೆ ಪಿಎಫ್ ತನಕ ಕಾಡುತ್ತೆ. 15 ತುಂಬಿದ ಮೇಲೆ ಬೆರಳಚ್ಚು, ಕಣ್ಣು ಮತ್ತೆ ಕೊಡಿಸಿದ್ದೀರಾ? ಲಿಂಕ್ ಆಗಿರೋ ಮೊಬೈಲ್ ನಂಬರ್ ಯಾರದು? ಹಳೇ ವಾರ್ಡನ್‌ದಾದ್ರೆ ಓಟಿಪಿ ಅವರಿಗೆ ಹೋಗುತ್ತೆ. ಮೈನರ್ ಖಾತೆ 18ಕ್ಕೆ ತಾನಾಗೇ ಮೇಜರ್ ಆಗಲ್ಲ. ಹೊಸ ಸಹಿ, ಹೊಸ ಕೆವೈಸಿ ಕೊಡೋತನಕ ದುಡ್ಡು ಒಳಗೇ. ನಮಗೆ ಫೀಸ್ ಕಟ್ಟೋ ವಾರದಲ್ಲೇ ಸಿಕ್ಕಾಕೊಂಡು ಶಾಖೆಗೆ ಆರು ಸಲ ಅಲೆದೆ. ಅವನ ಹೆಸರಲ್ಲಿ ಉಳಿಸಿದ್ದನ್ನೆಲ್ಲ 21ರವರೆಗೆ ಎಫ್‌ಡಿ ಮಾಡಿಟ್ಟಿದೀನಿ.

ಬಾಲಕಿಯರ ನಿಲಯದ ಆಪ್ತಸಮಾಲೋಚಕಿ: ಕಾಗದ ಮುಖ್ಯ ಸರ್, ಆದ್ರೆ ಅಡುಗೆ? ನಿಲಯದಲ್ಲಿ ಬೆಳೆದ ಮಕ್ಕಳಿಗೆ ಐವತ್ತು ಜನರ ಹಂಡೆ ಗೊತ್ತು, ಒಬ್ಬರ ಅಳತೆ ಗೊತ್ತಿರಲ್ಲ. ಅರ್ಧ ಪಾವು ಅಕ್ಕಿ, ಒಂದು ಪಾವು ನೀರು, ಮೂರು ಸೀಟಿ, ಇಲ್ಲಿಂದ ಶುರು ಮಾಡಿಸಿ. ಅಡ್ರೆಸ್ ಪ್ರೂಫ್ ಇಲ್ದಿದ್ರೆ 5 ಕೆಜಿ ಸಿಲಿಂಡರ್ ಗುರುತಿನ ಚೀಟಿ ಮೇಲೇ ಸಿಗುತ್ತೆ. ರೆಗ್ಯುಲೇಟರ್ ಹಾಕಿ ಸೋಪಿನ ನೊರೆ ಸವರಿ ಗುಳ್ಳೆ ಬರುತ್ತಾ ಅಂತ ನೋಡೋದನ್ನ ಅವಳ ಕೈಯಲ್ಲೇ ಮಾಡಿಸಿ. ಇನ್ನು ಎಫ್‌ಡಿ ವಿಷಯ. ವಾರಕ್ಕೆ 500 ಕೈಗೆ ಕೊಟ್ಟು, ಗುರುವಾರಕ್ಕೇ ಖಾಲಿಯಾದ್ರೂ ಮತ್ತೆ ಕೊಡಬಾರದು. 16ಕ್ಕೆ 500 ತಪ್ಪಿದ್ರೆ ತಡ್ಕೋಬಹುದು, 21ಕ್ಕೆ ಒಟ್ಟಿಗೆ ಕೊಟ್ರೆ ಒಟ್ಟಿಗೇ ಹೋಗುತ್ತೆ.

ಶಿವಮೊಗ್ಗ: ಮೇಡಂ, ನಿಮ್ಮದು ಡ್ಯೂಟಿ, ಸಂಜೆ ಮನೆಗೆ ಹೋಗ್ತೀರಿ. ಪೂರ್ತಿ ಉಳಿತಾಯ ಒಂದು ಮೊಬೈಲಿಗೆ ಹೋದ್ರೆ ನೋಡ್ಕೊಂಡು ಕೂರೋರು ನಾವು.

ಬಾಲಮಂದಿರದಲ್ಲಿ ಬೆಳೆದವರು, ಪೀಣ್ಯ: ಇಬ್ಬರೂ ಮೊದಲ ಸಂಬಳದ ಲೆಕ್ಕನೇ ಹಾಕಿಲ್ಲ. 10ನೇ ತಾರೀಕು ಕೆಲಸಕ್ಕೆ ಸೇರಿದ್ರೆ, ಮುಂದಿನ ತಿಂಗಳು ಬರೋದು ಸುಮಾರು 20 ದಿನದ್ದು, ಅದೂ 7ಕ್ಕೋ 10ಕ್ಕೋ. ಪಿಜಿ 7,000, ಅಡ್ವಾನ್ಸ್ 7,000, ಎರಡನೇ ತಿಂಗಳ ಬಾಡಿಗೆ ಸಂಬಳಕ್ಕಿಂತ ಮುಂಚೆ 7,000, ಬಸ್ಸು-ಊಟ 5,000, ಹಾಸಿಗೆ-ಬಕೆಟ್ 2,500. ಒಟ್ಟು 28,500. ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರದ ಮಕ್ಕಳ ಯೋಜನೆಯ ಆಫ್ಟರ್‌ಕೇರ್ (18 ತುಂಬಿ ಹೊರಬಂದವರಿಗೆ ಕೊಡೋ ನೆರವು) ತಿಂಗಳಿಗೆ 4,000, ಅದೂ ಮಂಜೂರಾಗಿ ಖಾತೆಗೆ ಬಂದ್ರೆ. ಎಫ್‌ಡಿ 21ಕ್ಕೆ ಅಂದ್ರಲ್ಲ ಸರ್, 18ಕ್ಕೆ ಇರೋ ಹಸಿವಿಗೆ ಅದು ಯಾವ ಲೆಕ್ಕ? ಮೂವತ್ತು ಸಾವಿರ ಬೇರೆ ಇಡಿ, ಉಳಿದದ್ದಕ್ಕೆ ಬೇಕಾದ್ರೆ ಬೀಗ ಹಾಕಿ.

ಶಿವಮೊಗ್ಗ: ಮೂವತ್ತು ಸಾವಿರ ತೆಗೀತೀನಿ, ಒಪ್ಪಿದೆ. ಬೀಗ ಅನ್ನೋ ಮಾತು ಬೇಡ.

ಆಪ್ತಸಮಾಲೋಚಕಿ: ಹಾಸನದವರೇ, ಇದು ನಿಮಗೆ. ಬಾಲನ್ಯಾಯ ಕಾಯ್ದೆ 2015ರ 46ನೇ ಕಲಂ ಹೇಳೋದು ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಬರೋರ ಬಗ್ಗೆ, ಅದೂ ನೆರವು ‘ಕೊಡಬಹುದು’ ಅಂತ. ಫಾಸ್ಟರ್ ಕುಟುಂಬದಲ್ಲಿರೋ ಮಗುವಿನ ಹೆಸರು ಆಫ್ಟರ್‌ಕೇರ್ ಪಟ್ಟಿಯಿಂದ ಜಾರೋದು ಇಲ್ಲೇ. 17 ತುಂಬುತ್ತಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಈ ನೆರವಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿ, ಮಕ್ಕಳ ಕಲ್ಯಾಣ ಸಮಿತಿ ಆದೇಶ ಬರಹದಲ್ಲೇ ಕೇಳಿ. ನೆರವು ಸಾಮಾನ್ಯವಾಗಿ 21ರವರೆಗೆ, ವಿಶೇಷ ಸಂದರ್ಭದಲ್ಲಿ 23.

ಪೀಣ್ಯ: ಪಿಜಿ ಫಾರಂನಲ್ಲಿ ‘ಲೋಕಲ್ ಗಾರ್ಡಿಯನ್’ ಅಂತ ಒಂದು ಕಾಲಂ ಇದೆ. ಪೆನ್ನು ನಿಲ್ಲೋದು ಅಲ್ಲೇ. ಬೆಂಗಳೂರಲ್ಲಿ ಯಾರ ಹೆಸರು ಅಂತ ಈಗ್ಲೇ ಮಾತಾಡಿಟ್ಟಿರಿ. ಅಡ್ವಾನ್ಸ್‌ನಲ್ಲಿ ಎಷ್ಟು ಮುರ್ಕೋತಾರೆ, ಎಷ್ಟು ದಿನ ಮುಂಚೆ ಹೇಳ್ಬೇಕು ಅನ್ನೋದನ್ನ ರಸೀದಿ ಮೇಲೇ ಬರೆಸ್ಕೊಳ್ಳಿ.

ಶಿವಮೊಗ್ಗ: ಆ ಕಾಲಂನಲ್ಲಿ ನಮ್ಮ ಹುಡುಗ ನನ್ನ ಹೆಸರೇ ಬರೆದಿದ್ದಾನೆ.

ಪೀಣ್ಯ: ಶಿವಮೊಗ್ಗದ ನಂಬರ್ ಲೋಕಲ್ ಅಂತ ಪಿಜಿಯವರು ಒಪ್ಪಲ್ಲ ಸರ್. ಬೆಂಗಳೂರಿನ ಒಬ್ಬರನ್ನ ಹುಡುಕಿ.